ಆತಂಕ ಮೊದಲೋ, ಅಮಲು ಮೊದಲೋ?

ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯವನ್ನು ಕುರಿತ ಸಂಶೋಧನಾ ಪ್ರಬಂಧಗಳನ್ನು ತಿರುವಿ ಹಾಕಿದರೆ ಒಂದು ಚಿತ್ರ ನಿಮಗೆ ಮತ್ತೆ ಮತ್ತೆ ಎದುರಾಗುತ್ತದೆ. ಮೂರು ಚೌಕಗಳು, ಅವುಗಳ ನಡುವೆ ಎರಡು ಬಾಣಗಳು. ಮೊದಲ ಚೌಕದಲ್ಲಿ ಬಾಲ್ಯದ ಆಘಾತ, ಎರಡನೆಯದರಲ್ಲಿ ಆತಂಕ, ಮೂರನೆಯದರಲ್ಲಿ ಅಪಾಯಕಾರಿ ಮದ್ಯಪಾನ. ಆಘಾತದಿಂದ ಆತಂಕ ಹುಟ್ಟುತ್ತದೆ, ಆತಂಕವನ್ನು ಮರೆಯಲು ಹುಡುಗ ಕುಡಿಯುತ್ತಾನೆ ಎಂಬುದು ಚಿತ್ರದ ಅರ್ಥ. ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ 1985ರಲ್ಲಿ ಮಂಡಿಸಿದ ‘ಸ್ವಯಂ ಔಷಧೋಪಚಾರ’ ಎಂಬ ಕಲ್ಪನೆಯೇ ಇದರ ಹಿನ್ನೆಲೆ. ಆತ ಆಗ ಬರೆದದ್ದು ಹೆರಾಯಿನ್ ಮತ್ತು ಕೊಕೇನ್ ವ್ಯಸನಿಗಳನ್ನು ಕುರಿತು. ಕಾಲೇಜಿನ ಬಿಯರ್ ಪಾರ್ಟಿಗಳು ಅದರಲ್ಲಿರಲಿಲ್ಲ ಎಂಬುದನ್ನು ಬಹಳ ಜನ ಮರೆತಿದ್ದಾರೆ.

ಚಿತ್ರವೇನೋ ಚೆನ್ನಾಗಿದೆ. ಆದರೆ ಬಾಣಗಳಿಗೆ ದಿಕ್ಕು ಎಲ್ಲಿಂದ ಬಂತು?

ಇಂಥ ಬಹುಪಾಲು ಅಧ್ಯಯನಗಳ ವಿಧಾನ ಒಂದೇ. ಒಂದು ದಿನ ತರಗತಿಯಲ್ಲಿ ಪ್ರಶ್ನಾವಳಿಗಳನ್ನು ಹಂಚುತ್ತಾರೆ, ಉತ್ತರಗಳಿಗೆ ಅಂಕ ಕೊಡುತ್ತಾರೆ, ಕಂಪ್ಯೂಟರ್ ಸಹಸಂಬಂಧವನ್ನು ಲೆಕ್ಕ ಹಾಕುತ್ತದೆ. ಪ್ರಶ್ನಾವಳಿಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಆತಂಕವನ್ನಳೆಯುವ ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿ (2006) ಕೇಳುವುದು ಕಳೆದ ಎರಡು ವಾರಗಳ ಬಗ್ಗೆ. ಆಘಾತೋತ್ತರ ಲಕ್ಷಣಗಳನ್ನಳೆಯುವ, 20 ಪ್ರಶ್ನೆಗಳ ಪಿಸಿಎಲ್-5 ಸಾಮಾನ್ಯವಾಗಿ ಕಳೆದ ಒಂದು ತಿಂಗಳ ಬಗ್ಗೆ ಕೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪಟ್ಟಿಯ ಹತ್ತು ಪ್ರಶ್ನೆಗಳಲ್ಲಿ ಹಲವು ಕಳೆದ ಒಂದು ವರ್ಷದ ಕುಡಿತವನ್ನು ಕುರಿತವು. ಅಂದರೆ ಕಾರಣವೆಂದು ಹೇಳುವ ಆತಂಕ ಈಚಿನ ಹದಿನೈದು ದಿನಗಳದು, ಪರಿಣಾಮವೆಂದು ಹೇಳುವ ಕುಡಿತ ಅದಕ್ಕಿಂತ ಎಷ್ಟೋ ಹಿಂದಿನಿಂದ ನಡೆದು ಬಂದದ್ದು! ಗಾಡಿಯನ್ನು ಎತ್ತಿನ ಮುಂದೆ ಕಟ್ಟಿ, ಗಾಡಿಯೇ ಎತ್ತನ್ನು ಎಳೆಯಿತು ಎಂದಂತೆ.

ಇದು ಬರೀ ತರ್ಕದ ತಕರಾರಲ್ಲ. ಮದ್ಯಸಾರವೇ ಆತಂಕವನ್ನು ಹುಟ್ಟಿಸಬಲ್ಲುದು. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಕೋಶಗಳ ಚಟುವಟಿಕೆಯನ್ನು ತಗ್ಗಿಸುತ್ತದೆ, ಗ್ಲುಟಮೇಟ್ ಹೆಚ್ಚಿಸುತ್ತದೆ. ಮದ್ಯಸಾರ ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ಹತ್ತಿಕ್ಕುವುದರಿಂದ ಕುಡಿದಾಗ ಹಗುರ ಎನಿಸುತ್ತದೆ. ಪದೇ ಪದೇ ಕುಡಿದರೆ ಮಿದುಳು ಸಮತೋಲನಕ್ಕಾಗಿ ತನ್ನನ್ನು ವಿರುದ್ಧ ದಿಕ್ಕಿಗೆ ಹೊಂದಿಸಿಕೊಳ್ಳುತ್ತದೆ. ಅಮಲು ಇಳಿದ ಮೇಲೆ ಉಳಿಯುವುದು ಉದ್ರೇಕ: ಎದೆಬಡಿತ, ಬೆವರು, ನಿದ್ರೆಗೇಡು, ಕಾರಣವಿಲ್ಲದ ಭಯ. ಭಾನುವಾರ ರಾತ್ರಿ ಕುಡಿದವನಿಗೆ ಮಂಗಳವಾರ ಜಿಎಡಿ-7 ಕೊಟ್ಟರೆ ಅವನ ಅಂಕದಲ್ಲಿ ಎಷ್ಟು ಪಾಲು ಬಾಲ್ಯದ್ದು, ಎಷ್ಟು ಪಾಲು ಬಾಟಲಿಯದು? ಒಂದೇ ಸಲದ ಸಮೀಕ್ಷೆ ಅದನ್ನು ಬೇರ್ಪಡಿಸಲಾರದು. ಕಾಲಾಂತರದಲ್ಲಿ ನಡೆಯುವ ಪ್ರಕ್ರಿಯೆಯನ್ನು ಒಂದೇ ದಿನದ ಅಂಕಿಗಳಿಂದ ಲೆಕ್ಕ ಹಾಕಿದರೆ ಫಲಿತಾಂಶ ಬಹಳಷ್ಟು ದಾರಿ ತಪ್ಪಬಹುದೆಂದು ಮ್ಯಾಕ್ಸ್‌ವೆಲ್ ಮತ್ತು ಕೋಲ್ 2007ರಲ್ಲೇ ತೋರಿಸಿಕೊಟ್ಟರು. ಬಾಣಗಳ ಚಿತ್ರ ಮಾತ್ರ ಇನ್ನೂ ಅಚ್ಚಾಗುತ್ತಲೇ ಇದೆ.

ಮೊದಲ ಚೌಕವೂ ಗಟ್ಟಿಯಾದುದೇನಲ್ಲ. ಫೆಲಿಟ್ಟಿ, ಆಂಡಾ ಮತ್ತು ಸಂಗಡಿಗರು ಅಮೆರಿಕದ ಸ್ಯಾನ್ ಡೀಗೊದಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ 9,508 ವಯಸ್ಕರು ತಮ್ಮ ಬಾಲ್ಯದ ಕಹಿ ಅನುಭವಗಳನ್ನು ನೆನಪಿನಿಂದ ಹೇಳಿದ್ದರು. ನಾಲ್ಕು ಅಥವಾ ಹೆಚ್ಚು ಬಗೆಯ ಅನುಭವಗಳನ್ನು ಹೇಳಿದವರಲ್ಲಿ ಮದ್ಯವ್ಯಸನ, ಮಾದಕ ವಸ್ತು ಸೇವನೆ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಸಂಭವ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಾಗಿತ್ತು. ಅದು ಕಣ್ಣು ತೆರೆಸಿದ ಕೆಲಸ, ಸಂದೇಹವಿಲ್ಲ. ಆದರೆ 2019ರಲ್ಲಿ ಬಾಲ್ಡ್‌ವಿನ್ ಮತ್ತು ಸಂಗಡಿಗರು ಬಾಲ್ಯದಲ್ಲೇ ದಾಖಲಾದ ದೌರ್ಜನ್ಯವನ್ನೂ ಅದೇ ಜನ ದೊಡ್ಡವರಾದ ಮೇಲೆ ಹೇಳಿದ್ದನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿದರು. ದಾಖಲೆಯಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಹೇಳಲಿಲ್ಲ; ಹೇಳಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ದಾಖಲೆಯಿರಲಿಲ್ಲ. ಯಾರೋ ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ಮನೆಯೊಳಗಿನ ಹಿಂಸೆ ಎಷ್ಟೋ ಸಲ ದಾಖಲೆಗೆ ಸಿಗುವುದೇ ಇಲ್ಲ. ಆದರೂ ಇವು ಎರಡು ಬೇರೆ ಬೇರೆ ಗುಂಪುಗಳು. ಒಂದನ್ನಳೆದು ಇನ್ನೊಂದರ ಬಗ್ಗೆ ತೀರ್ಪು ಕೊಡಲಾಗದು. ಇಂಥ ಅಂಕವನ್ನು ಒಬ್ಬೊಬ್ಬ ವ್ಯಕ್ತಿಯ ಅಪಾಯ ಅಳೆಯಲು ಬಳಸಬಾರದೆಂದು ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದಾರೆ.

ಇನ್ನು ಮೂರನೆಯ ಚೌಕ. ‘ಒಂದೇ ಸಲ ಆರು ಅಥವಾ ಹೆಚ್ಚು ಡ್ರಿಂಕ್ ಕುಡಿಯುವುದು ಎಷ್ಟು ಸಲ?’ ಎಂದು ಆಡಿಟ್ ಕೇಳುತ್ತದೆ. ಅದರ ಒಂದು ಡ್ರಿಂಕ್ ಎಂದರೆ 10 ಗ್ರಾಂ ಮದ್ಯಸಾರ. ನಮ್ಮಲ್ಲಿ ಲೆಕ್ಕ ನಡೆಯುವುದು ನೈಂಟಿ, ಕ್ವಾರ್ಟರ್‌ಗಳಲ್ಲಿ. ಶೇ. 42.8 ಮದ್ಯಸಾರವಿರುವ 180 ಮಿಲಿಲೀಟರ್ ವಿಸ್ಕಿಯಲ್ಲಿ ಮದ್ಯಸಾರದ ತೂಕ ಸುಮಾರು 61 ಗ್ರಾಂ, ಅಂದರೆ ಆರು ಡ್ರಿಂಕ್. ‘ನಾನು ಕುಡಿಯುವುದು ಒಂದೇ ಕ್ವಾರ್ಟರ್’ ಎನ್ನುವ ಹುಡುಗ ‘ಆರು’ ಎಂಬ ಪದ ನೋಡಿ ಪ್ರಾಮಾಣಿಕವಾಗಿಯೇ ‘ಎಂದೂ ಇಲ್ಲ’ ಎಂದು ಗುರುತು ಹಾಕುತ್ತಾನೆ. ಪ್ರಶ್ನೆಯನ್ನು ಕನ್ನಡಿಸಿದರೆ ಸಾಲದು, ಅಳತೆಯನ್ನೂ ಕನ್ನಡಿಸಬೇಕು.

ಹಾಗಾದರೆ ದಾರಿ ಇಲ್ಲವೇ? ಇದೆ, ಆದರೆ ಉದ್ದವಾದದ್ದು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ದಶಕಗಳಿಂದ ಹಿಂಬಾಲಿಸುತ್ತ ಬಂದಿದ್ದಾರೆ. 45ನೆಯ ವಯಸ್ಸಿನಲ್ಲೂ ಬದುಕಿದ್ದವರಲ್ಲಿ ಶೇ. 90ಕ್ಕಿಂತ ಹೆಚ್ಚು ಜನ ಬಂದು ಪರೀಕ್ಷೆಗೆ ಕುಳಿತರು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವ ಅರ್ಹತೆ ಅಂಥ ಕೆಲಸಕ್ಕಿದೆ. ಒಂದು ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಮುಗಿಸಬೇಕಾದವರಿಂದ ಅಷ್ಟನ್ನು ಕೇಳುವುದು ಅನ್ಯಾಯವೇ. ಆದರೆ ಅದೇ ವಿದ್ಯಾರ್ಥಿಗಳನ್ನು ಆರು ತಿಂಗಳ ಅಂತರದಲ್ಲಿ ಮೂರು ಸಲ ಕೇಳಬಹುದು, ಇಲ್ಲವೇ ಪ್ರಬಂಧದಲ್ಲಿ ಬಾಣದ ಬದಲು ಬರೀ ಗೆರೆ ಎಳೆಯಬಹುದು.

ನೀವು ಅಧ್ಯಾಪಕರಾಗಿದ್ದರೆ ಇದು ನಿಮಗೆ ದೂರದ ವಿಷಯವಲ್ಲ. ಬಾಣವನ್ನು ನಂಬಿದ ಕಾಲೇಜು ಆತಂಕ ನಿವಾರಣೆಯ ಶಿಬಿರ ನಡೆಸಿ, ಕುಡಿತ ತಾನಾಗಿ ಇಳಿಯುತ್ತದೆಂದು ಕಾಯುತ್ತದೆ. ಬಾಟಲಿಯಿಂದಲೇ ಆತಂಕ ಹತ್ತಿಸಿಕೊಂಡ ಹುಡುಗನಿಗೆ ಅಲ್ಲಿ ಯಾರೂ ಕುಡಿತದ ಬಗ್ಗೆ ಕೇಳುವುದಿಲ್ಲ. ಮುಂದೆ ಪ್ರಶ್ನಾವಳಿಯ ಕಟ್ಟು ನಿಮ್ಮ ತರಗತಿಗೆ ಬಂದಾಗ, ಹಳೆಯ ನೋವನ್ನು ಕೆದಕುವ ಆ ಹಾಳೆಯ ಕೊನೆಯಲ್ಲಿ ನೆರವಿನ ವಿಳಾಸವಿದೆಯೇ ನೋಡಿ. ಕನಿಷ್ಠ 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಯಾದರೂ ಇರಲಿ. ಜೊತೆಗೆ ಆ ದಿನದ ಹಾಜರಿಯನ್ನೂ ನೋಡಿ. ಹಿಂದಿನ ರಾತ್ರಿ ಅತಿಯಾಗಿ ಕುಡಿದವನು ಬಹುಶಃ ತರಗತಿಗೆ ಬಂದಿರುವುದೇ ಇಲ್ಲ.