‘ಆನಂದ್’ ಚಿತ್ರದ ಆರು ತಿಂಗಳು

ಹೃಷಿಕೇಶ್ ಮುಖರ್ಜಿಯವರ ‘ಆನಂದ್’ (1971) ಹಿಂದಿ ಚಿತ್ರವನ್ನು ನೋಡದ ಕನ್ನಡಿಗರು ನಮ್ಮ ಮುಂಬಯಿಯಲ್ಲಿ ವಿರಳ. ನಾವೂ ಚಿಕ್ಕಂದಿನಲ್ಲಿ ದೂರದರ್ಶನದಲ್ಲಿ ಅದನ್ನು ಕಂಡು ಕಣ್ಣೊರೆಸಿಕೊಂಡವರೇ. ಕಳೆದ ತಿಂಗಳು ಮತ್ತೊಮ್ಮೆ ನೋಡುವ ಪ್ರಸಂಗ ಬಂದಿತು. ಈ ಸಲ ನಮ್ಮ ಪಕ್ಕದಲ್ಲಿ ಕುಳಿತವರು, ದೊಡ್ಡ ಕರುಳಿನ ಕ್ಯಾನ್ಸರಿನ ಚಿಕಿತ್ಸೆಗೆಂದು ಹುಬ್ಬಳ್ಳಿಯಿಂದ ಬಂದು ನಮ್ಮ ಮನೆಯಲ್ಲಿರುವ ಭಾವನವರು.

ಕಥೆ ಎಲ್ಲರಿಗೂ ತಿಳಿದದ್ದೇ. ದಿಲ್ಲಿಯಿಂದ ಮುಂಬಯಿಗೆ ಬರುವ ಆನಂದನಿಗೆ ಕರುಳಿನ ಲಿಂಫೋಸಾರ್ಕೋಮಾ. ಆಯುಷ್ಯ ಆರು ತಿಂಗಳು ಮೀರದು. ರಾಜೇಶ್ ಖನ್ನಾ ಅವರ ನಗು, ಡಾಕ್ಟರ್ ಭಾಸ್ಕರನಾಗಿ ಅಮಿತಾಭ್ ಬಚ್ಚನ್ ಅವರ ಬಿಗಿದ ಮುಖ, ಸಲಿಲ್ ಚೌಧರಿಯವರ ಸಂಗೀತ, ಗುಲ್ಜಾರರ ಸಂಭಾಷಣೆ – ಯಾವುದೂ ಇಂದಿಗೂ ಮಾಸಿಲ್ಲ.

ಆದರೆ ನಮ್ಮ ಆಕ್ಷೇಪವೊಂದಿದೆ. ರೋಗಿಗೆ ಸಾವು ಎದುರಾಗುವ ಮೊದಲು ಚಿಕಿತ್ಸೆ ಎದುರಾಗುತ್ತದೆ. ಚಿತ್ರದಲ್ಲಿ ಅದಕ್ಕೆ ಸ್ಥಳವೇ ಇಲ್ಲವೆನ್ನಬೇಕು. ಚಿತ್ರ ತೆರೆಕಂಡಾಗ ಇದೇ ಊರಿನ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾಗಿ 30 ವರ್ಷವಾಗಿತ್ತು. ಆನಂದನ ಕಾಯಿಲೆಯನ್ನು ಇಂದು ಲಿಂಫೋಮಾ ಎನ್ನುತ್ತಾರೆ. ಔಷಧಿಯಿಂದ ಗುಣವಾಗುವವರು ಈಗ ಅನೇಕರು. ಭಾವನವರದು ಬೇರೆ ಜಾತಿಯದು, ಕರುಳಿನ ಒಳಪದರದಲ್ಲಿ ಹುಟ್ಟುವಂಥದು. ನಮ್ಮಂಥವರಿಗೆ ಈ ಭೇದವೆಲ್ಲಿ ಗೊತ್ತು? ಕ್ಯಾನ್ಸರ್ ಎಂದೊಡನೆ ಚಿತ್ರದ ಕೊನೆಯ ದೃಶ್ಯವೇ ಕಣ್ಣೆದುರು ನಿಲ್ಲುತ್ತದೆ.

ನಮಗೂ ಹಾಗೆಯೇ ಆಯಿತು. ವರ್ಷದ ಕಾಲ ಮೂಲವ್ಯಾಧಿಯೆಂದು ರಕ್ತ ಹೋಗುವುದನ್ನು ಅಲಕ್ಷಿಸಿದ್ದ ಭಾವನವರಿಗೆ ಕೊಲೊನೋಸ್ಕೋಪಿಯಾಯಿತು, ತುಣುಕು ತೆಗೆದು ಪರೀಕ್ಷಿಸಿದರು. ಫಲಿತಾಂಶವನ್ನು ನಾವು ಮನೆಮಂದಿ ಸೇರಿ ಮುಚ್ಚಿಟ್ಟೆವು. ‘ಕರುಳಿನಲ್ಲಿ ಹುಣ್ಣು’ ಎಂದೆವು. ತಜ್ಞರಲ್ಲಿಗೆ ಹೋದ ಮೊದಲ ದಿನ, ಸರದಿಯಲ್ಲಿ ಕುಳಿತಿದ್ದಾಗ, ನಿವೃತ್ತ ಮಾಸ್ತರರಾದ ಅವರು ಕೇಸ್ ಪೇಪರನ್ನು ತಾವೇ ಓದಿಕೊಂಡರು. ಬಹಳ ಹೊತ್ತು ಮಾತಿಲ್ಲ. ಆಮೇಲೆ, “ಹೊಟ್ಟಿ ನಂದು, ಸುದ್ದಿ ಮಾತ್ರ ನಿಮ್ಮದೇನ್ರಿ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಒಳಗೆ ಡಾಕ್ಟರು ನಮ್ಮನ್ನು ಬಿಟ್ಟು ಅವರೊಡನೆಯೇ ಮಾತನಾಡಿದರು. ಸ್ಕ್ಯಾನ್ ಆಗಬೇಕು, ಗಡ್ಡೆಯಿದ್ದ ಭಾಗವನ್ನು ಕತ್ತರಿಸಿ ಕರುಳನ್ನು ಜೋಡಿಸಬೇಕು ಎಂದರು. ಶಸ್ತ್ರಕ್ರಿಯೆಯಲ್ಲಿ ತೆಗೆದ ಗ್ರಂಥಿಗಳಲ್ಲಿಯೂ ರೋಗದ ಅಂಶ ಕಂಡದ್ದರಿಂದ ಕೀಮೋಥೆರಪಿ ಗೊತ್ತಾಯಿತು: ಮೂರು ವಾರಕ್ಕೊಂದರಂತೆ ಎಂಟು ಸುತ್ತು. ಮೊದಲ ದಿನ ರಕ್ತನಾಳಕ್ಕೆ ಔಷಧಿ, ಅಂದಿನಿಂದ 14 ದಿನ ಮಾತ್ರೆ, ಮತ್ತೆ ಒಂದು ವಾರ ವಿಶ್ರಾಂತಿ. ಮೊದಲ ಸುತ್ತು ಮುಗಿಸಿ ಬಂದ ರಾತ್ರಿ ತಣ್ಣೀರು ಮುಟ್ಟಿದೊಡನೆ ಬೆರಳಿಗೆ ಸೂಜಿ ಚುಚ್ಚಿದಂತಾಗಿ ಚೊಂಬು ಕೈಬಿಟ್ಟರು. ಹಾಗಾಗುವುದೆಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಅವರು ಹೆದರಲಿಲ್ಲ, ಹೆದರಿದವರು ನಾವು. ಮರುದಿನದಿಂದ ಅವರಿಗೆ ಬಿಸಿನೀರು, ಅವರ ಕೈಗೊಂದು ಕ್ಯಾಲೆಂಡರು.

ಈ ಹಿನ್ನೆಲೆಯಲ್ಲಿ ನೋಡಿದಾಗಲೇ ಚಿತ್ರದ ನಿಜವಾದ ಸತ್ವ ನಮಗೆ ಕಂಡದ್ದು. ಆನಂದನಿಗೆ ತನ್ನ ಕಾಯಿಲೆಯ ಹೆಸರು ಗೊತ್ತಿದೆ. ಅವನ ನಗುವಿಗೆ ಬೆಲೆ ಬಂದಿರುವುದು ಅದರಿಂದಲೇ. ತಿಳಿಯದವನ ನಗುವಾಗಿದ್ದರೆ ಅದು ಬರಿಯ ಹುಡುಗಾಟವಾಗುತ್ತಿತ್ತು. ಪ್ರೇಕ್ಷಕರಾದ ನಾವು ಅವನ ಸಾವನ್ನು ನೆನಪಿನಲ್ಲಿಟ್ಟುಕೊಂಡು, ಅವನ ತಿಳಿವನ್ನು ಮರೆತೆವು. ಇದರಲ್ಲಿ ನಿರ್ದೇಶಕರದೂ ಪಾಲಿದೆ: ಕಣ್ಣೀರಿಗೆ ಕೊಟ್ಟಷ್ಟು ಅವಕಾಶವನ್ನು ಅವರು ರೋಗಿಯ ದಿನಚರಿಗೆ ಕೊಡಲಿಲ್ಲ.

ಚಿತ್ರ ಮುಗಿದಾಗ ಕಣ್ಣೊರೆಸಿಕೊಂಡವರು ನಾವೇ. ಭಾವನವರು, “ಅವಗ ಹೇಳಿದ್ದೂ ಆರು ತಿಂಗಳ, ನನಗ ಹೇಳಿದ್ದೂ ಆರು ತಿಂಗಳ. ಲೆಕ್ಕ ಬ್ಯಾರೆ ಐತಿ” ಎಂದು ಮಾತ್ರೆಯ ಡಬ್ಬಿ ಕೇಳಿದರು. ಮೂರು ಸುತ್ತು ಮುಗಿದಿವೆ, ಐದು ಉಳಿದಿವೆ. ಮುಂದೇನೆಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆದರೆ ಈಗ ಆ ಮಾತನ್ನು ಒಂದೇ ಕೋಣೆಯಲ್ಲಿ ಕುಳಿತು ಆಡುತ್ತೇವೆ.