ಮಿಕ್ಕ ಹೊತ್ತಿನ ಬರಹ

"ಹೊತ್ತೇ ಸಾಲೂದಿಲ್ಲ ನೋಡ್ರಿ" ಎಂಬ ಮಾತನ್ನು ಆಡದ ಹೆಣ್ಣುಮಗಳನ್ನು ನಾನಿನ್ನೂ ಕಂಡಿಲ್ಲ. ಅದಕ್ಕೆ ಸಿಗುವ ಉತ್ತರವೂ ಯಾವಾಗಲೂ ಒಂದೇ: "ಮನಸ್ಸಿದ್ದರೆ ಹೊತ್ತು ಮಾಡಿಕೊಳ್ಳಬಹುದು." ಹೊತ್ತೇನು ರೊಟ್ಟಿಯೇ, ಇನ್ನಷ್ಟು ಹಿಟ್ಟು ನಾದಿ ಎರಡು ಹೆಚ್ಚಿಗೆ ಬಡಿದುಕೊಳ್ಳಲು? ಇರುವ ಹೊತ್ತಿನಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿರುವುದು. ಅದೂ ಪೂರ್ತಿ ನಮ್ಮ ಕೈಯಲ್ಲಿಲ್ಲ. ಕೇಂದ್ರ ಸರಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಅದೇ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಹೆಚ್ಚುಕಡಿಮೆ ಐದು ತಾಸು ಹೀಗೆ ಹೋದ ಮೇಲೆ, ನೌಕರಿಯೂ ಇದ್ದರೆ, ತನ್ನದೆಂಬ ಕೆಲಸಕ್ಕೆ ಏನು ಉಳಿದೀತು?

ಹೆಣ್ಣುಮಕ್ಕಳ ಬರಹದ ಬಗ್ಗೆ ನಮ್ಮಲ್ಲಿ ಕೆಲವು ಮಾತುಗಳು ರೂಢಿಯಾಗಿಬಿಟ್ಟಿವೆ. ವಸ್ತು ಚಿಕ್ಕದು, ಹರಹು ಕಡಿಮೆ, ಅಡುಗೆಮನೆಯಿಂದ ಆಚೆ ಬರಲಿಲ್ಲ, ಇತ್ಯಾದಿ. ಬರೆದವಳಿಗೆ ದಿನದಲ್ಲಿ ಎಷ್ಟು ಹೊತ್ತು ತನ್ನದಾಗಿತ್ತು ಎಂದು ಕೇಳುವವರು ಕಡಿಮೆ. ಹಾಗೆ ಕೇಳಿಕೊಂಡು ಓದಿದರೆ, ಕೊರತೆಯೆಂದು ಕಂಡದ್ದು ಎಷ್ಟೋ ಕಡೆ ಆಯ್ಕೆಯಾಗಿ ಕಾಣುತ್ತದೆ. ಕೆಲವು ಕಡೆ ಕೊರತೆಯಾಗಿಯೇ ಉಳಿಯುತ್ತದೆ. ಇವೆರಡನ್ನೂ ಬೇರೆ ಮಾಡಿ ನೋಡಬೇಕೆಂಬುದು ನನ್ನ ಆಸೆ.

ನಮ್ಮ ಸೀಮೆಯ ಆಯ್ದಕ್ಕಿ ಲಕ್ಕಮ್ಮನಿಂದಲೇ ತೊಡಗೋಣ. ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯವಳೆಂದು ಪ್ರತೀತಿ. ಗಂಡ ಮಾರಯ್ಯ ಕಲ್ಯಾಣದಲ್ಲಿ ಅಂಗಳಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಳಗೆ ತರಗೊಡಲಿಲ್ಲ, ಮರಳಿ ಸುರಿದು ಬರುವಂತೆ ಕಳಿಸಿದಳು. ಶಾಲೆಯಲ್ಲಿ ಈ ಕಥೆಯನ್ನು ದುರಾಸೆ ಬೇಡವೆಂಬ ನೀತಿಗಾಗಿ ಹೇಳುತ್ತೇವೆ. ನನಗೆ ಇದರಲ್ಲಿ ಮನೆ ನಡೆಸುವವಳ ಇನ್ನೊಂದು ಲೆಕ್ಕವೂ ಕಾಣುತ್ತದೆ. ಹೆಚ್ಚಿನ ಅಕ್ಕಿ ಬಂದರೆ ಹೆಚ್ಚಿನ ಕೆಲಸವೂ ಬಂತು. ಅದನ್ನು ಹಸನು ಮಾಡಬೇಕು, ಹುಳ ಬೀಳದಂತೆ ನೋಡಬೇಕು, ಅದರ ಚಿಂತೆಯನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಬೇಡವಾದುದನ್ನು ಹೊಸ್ತಿಲಲ್ಲೇ ತಡೆದವಳಿಗೆ ಮಾತ್ರ ಬೇಕಾದುದಕ್ಕೆ ಮನಸ್ಸು ಉಳಿಯುತ್ತದೆ. ಲಕ್ಕಮ್ಮನ ವಚನಗಳು ನಮಗೆ ಸಿಕ್ಕಿರುವುದು ಸುಮಾರು 25. ಅವು ಹೆಚ್ಚಾಗಿ ಕಾಯಕ, ಆಸೆ, ಮನದ ಶುದ್ಧಿ ಇವುಗಳ ಸುತ್ತಲೇ ತಿರುಗುತ್ತವೆ. ಎಂಟು ನೂರು ವರ್ಷ ಕಳೆದರೂ ಅವು ಸವೆದಿಲ್ಲ. ಸಂಖ್ಯೆ ಸಣ್ಣದೆಂದು ಅವಳನ್ನು ಸಣ್ಣ ಕವಿಯೆನ್ನಲು ಬರುತ್ತದೆಯೇ?

ಎರಡನೆಯದು ಬೀಸುಕಲ್ಲಿನ ತ್ರಿಪದಿ. ಜನಪದ ಹಾಡುಗಳನ್ನು 'ಸರಳ, ಸುಂದರ' ಎಂದು ಹೊಗಳಿ ಮುಂದೆ ಹೋಗುವುದು ವಾಡಿಕೆ. ಅದರ ಕಟ್ಟನ್ನು ನೋಡಿ. ಮೂರು ಸಾಲಿಗೆ ಒಂದು ಮಾತು ಪೂರ್ತಿಯಾಗುತ್ತದೆ. ಅಷ್ಟರಲ್ಲಿ ತೊಟ್ಟಿಲ ಕೂಸು ಎದ್ದರೆ, ಅತ್ತೆ ಕೂಗಿದರೆ, ಎದ್ದು ಹೋಗಬಹುದು. ಮರಳಿ ಬಂದು ಗೂಟ ಹಿಡಿದರೆ ಇನ್ನೊಂದು ನುಡಿ. ನಡುವೆ ಎಷ್ಟು ಸಲ ಎಬ್ಬಿಸಿದರೂ ಹಾಡು ಮುರಿಯುವುದಿಲ್ಲ. ಪುರಸೊತ್ತಿಲ್ಲದ ಹೆಂಗಸರು ತಮ್ಮ ಬಾಳಿಗೆ ಒಗ್ಗಿಸಿಕೊಂಡ ಛಂದಸ್ಸು ಇದು.

ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರಿಗೆ ಈ ಗುಟ್ಟು ತಿಳಿದಿತ್ತು ಎನಿಸುತ್ತದೆ. ಮರಾಠಿ ಶಾಲೆಯ ಓದು, ದೊಡ್ಡ ಸಂಸಾರ. ಆದರೂ ಸಿದ್ಧರಾಮನ ಪುರಾಣವನ್ನು ಸಾವಿರಾರು ತ್ರಿಪದಿಗಳಲ್ಲಿ ಕಟ್ಟಿದರು. ಕೆಲಸ ಬೆಟ್ಟದಷ್ಟಿದ್ದರೂ ಒಮ್ಮೆಗೆ ಎತ್ತಬೇಕಾದ ಕಲ್ಲು ಮೂರೇ ಸಾಲಿನದು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠಕ್ಕೆ ಬಂದ ಮೊದಲ ಮಹಿಳೆ ಅವರೇ.

ಇನ್ನು ತ್ರಿವೇಣಿ. ಅವರ ಮೇಲೆ ಬಂದ ಹಳೆಯ ಆಕ್ಷೇಪವೆಂದರೆ ಬರೀ ಹೆಂಗಸರ ಮನಸ್ಸು, ಮದುವೆ, ಸಂಸಾರ ಎಂಬುದು. 1953ರಲ್ಲಿ 'ಅಪಸ್ವರ' ಬಂದ ಮೇಲೆ ಅವರಿಗೆ ಸಿಕ್ಕದ್ದು ಹತ್ತು ವರ್ಷ. ಆ ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದರು. ಕಾಲೇಜಿನಲ್ಲಿ ಓದಿದ ಮನಃಶಾಸ್ತ್ರವನ್ನು ಒಂದೇ ಹೊಲಕ್ಕೆ ಹರಿಸಿದರು. 'ಶರಪಂಜರ'ದ ಕಾವೇರಿಗೆ ಹೆರಿಗೆಯ ನಂತರ ಬುದ್ಧಿ ಕದಡುತ್ತದೆ. ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬಂದರೆ, ಮನೆಯವರೇ ಅವಳನ್ನು ನಂಬುವುದಿಲ್ಲ. ಬಾಣಂತಿಯ ಮನೋರೋಗವನ್ನು ದೆವ್ವ ಬಡಿಯಿತೆಂದು ಮಂತ್ರಿಸುತ್ತಿದ್ದ ಮನೆಗಳು ಬೇಕಾದಷ್ಟಿದ್ದ ಕಾಲದಲ್ಲಿ ಅದು ರೋಗ, ಗುಣವಾಗುವ ರೋಗ ಎಂದು ಕಾದಂಬರಿಯ ಮೂಲಕ ಹೇಳಿದ್ದು ಚಿಕ್ಕ ವಸ್ತುವೇ? ಹತ್ತು ಹೊಲಗಳಲ್ಲಿ ಓಡಾಡಿದ್ದರೆ ಆ ಒಂದು ಹೊಲದಲ್ಲಿ ಅಷ್ಟು ಆಳಕ್ಕೆ ಉಳುವುದಾಗುತ್ತಿರಲಿಲ್ಲ.

ಕಲಬುರಗಿಯ ಗೀತಾ ನಾಗಭೂಷಣ ಅವರದೂ ಇಂಥದೇ ಹಿಡಿತ. 1942ರಲ್ಲಿ ಸಾವಳಗಿಯ ಬಡ ಮನೆಯಲ್ಲಿ ಹುಟ್ಟಿ, 2020ರಲ್ಲಿ ತೀರಿಕೊಳ್ಳುವವರೆಗೆ ಅವರು ನಮ್ಮ ಕಡೆಯ ದುಡಿಯುವ ಹೆಂಗಸರನ್ನು ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ನಮ್ಮ ಆಡುಮಾತನ್ನೂ ಬಿಡಲಿಲ್ಲ. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಆ ಮಾತಿಗೂ ಗೌರವ ಬಂತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕಷ್ಟದಲ್ಲಿಯೇ ಕಲೆ ಅರಳುತ್ತದೆ ಎಂಬ ಮಾತು ನನಗೆ ಸೇರುವುದಿಲ್ಲ. ತ್ರಿವೇಣಿಯವರ ಕೆಲವು ಕಾದಂಬರಿಗಳ ಕೊನೆಯಲ್ಲಿ ಅವಸರ ಎದ್ದು ಕಾಣುತ್ತದೆ. ಪಾತ್ರಗಳು ಬಿಚ್ಚಿಕೊಳ್ಳುವ ಹೊತ್ತಿಗೆ ಕಥೆ ಮುಗಿದುಹೋಗುತ್ತದೆ. ಇದು ಆಯ್ಕೆಯಲ್ಲ, ಕೊರತೆಯೇ. 1963ರಲ್ಲಿ, 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ಹೋದರು. ಅರ್ಧಕ್ಕೆ ನಿಂತಿದ್ದ 'ಅವಳ ಮಗಳು' ಕಾದಂಬರಿಯನ್ನು ಎಂ.ಸಿ. ಪದ್ಮಾ ಪೂರ್ತಿ ಮಾಡಿದರು. ಹೆಣ್ಣು ಬರೆಯಬೇಕಾದರೆ ವರುಷಕ್ಕೆ 500 ಪೌಂಡು ವರಮಾನ ಮತ್ತು ಅಗಳಿ ಹಾಕಿಕೊಳ್ಳಬಲ್ಲ ಒಂದು ಕೋಣೆ ಬೇಕೆಂದು 1929ರಲ್ಲಿ ವರ್ಜೀನಿಯಾ ವೂಲ್ಫ್ ಬರೆದಾಗ ಕೇಳಿದ್ದು ಸೌಕರ್ಯವನ್ನಲ್ಲ, ನ್ಯಾಯವನ್ನು. ಕೋಣೆ ಇಲ್ಲದೆಯೂ ಲಕ್ಕಮ್ಮ ವಚನ ಹೇಳಿದಳಲ್ಲ ಎಂದು ಯಾರಾದರೂ ವಾದಿಸಿದರೆ, ಹೇಳಲಾಗದೆ ಉಳಿದ ಎಷ್ಟು ಲಕ್ಕಮ್ಮರಿದ್ದರು ಎಂದು ಕೇಳಬೇಕಾಗುತ್ತದೆ.

ಹಾಗಾದರೆ ಕೋಣೆ ಸಿಗುವವರೆಗೆ ನಾವೇನು ಮಾಡಬೇಕು? ನಾನು ಬರೆಯುವವಳಲ್ಲ, ಪಾಠ ಹೇಳುವವಳು. ಅಬ್ಬೆತುಮಕೂರಿನಲ್ಲಿ ವಿಶ್ವಾರಾಧ್ಯರ ಜಾತ್ರೆ ಬಂತೆಂದರೆ ಮನೆ ತುಂಬ ನೆಂಟರು. ಪರೀಕ್ಷೆ ಬಂತೆಂದರೆ ಚೀಲ ತುಂಬ ಉತ್ತರ ಪತ್ರಿಕೆ. ಈ ನಡುವೆ ನನ್ನವೆಂಬ ಕೆಲಸ ಮೂರಿದ್ದವು. ಅವ್ವನ ಹಳೆಯ ಸೀರೆಗಳದೊಂದು ಕೌದಿ, ಅಂಚೆಯ ಮೂಲಕ ಎಂ.ಎ. ಓದು, ಊರಿನ ಮುದುಕಿಯರಿಂದ ಬೀಸುವ ಹಾಡು ಬರೆದುಕೊಳ್ಳುವುದು. ಮೂರೂ ಪ್ರೀತಿಯವೇ. ಯಾವುದು ದೊಡ್ಡದೆಂದು ತೂಗಲಿಲ್ಲ, ಯಾವುದು ಕಾಯಲಾರದು ಎಂದು ಕೇಳಿಕೊಂಡೆ. ಸೀರೆಗಳು ಟ್ರಂಕಿನಲ್ಲಿ ಕಾಯುತ್ತವೆ. ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ. ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೆ ಹಾಡು ಇರುವುದು ಕೆಲವೇ ಬಾಯಿಗಳಲ್ಲಿ, ಆ ಬಾಯಿಗಳಿಗೆ ಎಂಬತ್ತು ದಾಟಿದೆ. ಹಾಡೇ ಮೊದಲೆಂದು ಇಟ್ಟುಕೊಂಡೆ. ಉಳಿದೆರಡನ್ನು ಮರುಕವಿಲ್ಲದೆ ಕಟ್ಟಿಟ್ಟೆ.

ಆ ಒಂದಕ್ಕೂ ಎಲ್ಲರ ಊಟವಾಗಿ ಮುಸುರೆ ತಿಕ್ಕಿದ ಮೇಲಿನ ಹೊತ್ತು ಸಾಲದು. ಆಗ ಕಣ್ಣು ತೆರೆದಿರುತ್ತವೆ, ಗಮನ ಮಲಗಿರುತ್ತದೆ. ಹಾಡು ಹೇಳುವ ಅಜ್ಜಿಯರೂ ಮಲಗಿರುತ್ತಾರೆ. ಭಾನುವಾರ ಬೆಳಗಿನ ಒಂದು ತಾಸು ನನ್ನದೆಂದು ಮನೆಯಲ್ಲಿ ಹೇಳಬೇಕಾಯಿತು. ಮೊದಲು ನಕ್ಕರು, ಆಮೇಲೆ ಚಹಾ ಮಾಡಿಕೊಳ್ಳುವುದನ್ನು ಕಲಿತರು. ಎರಡು ನೋಟುಬುಕ್ಕು ತುಂಬಿವೆ. ಹಾಡಿಕೊಟ್ಟವರಲ್ಲಿ ಇಬ್ಬರು ಈಗಿಲ್ಲ.

ನಿಮ್ಮ ಟ್ರಂಕಿನಲ್ಲಿಯೂ ಇಂಥವು ಮೂರೋ ನಾಲ್ಕೋ ಇರುತ್ತವೆ. ಎಲ್ಲವನ್ನೂ ಸ್ವಲ್ಪಸ್ವಲ್ಪ ಮುಟ್ಟಿ ಯಾವುದೂ ಆಗಲಿಲ್ಲವೆಂದು ಕೊರಗುವುದಕ್ಕಿಂತ, ಕಾಯಲಾರದ ಒಂದನ್ನು ಹೊರಗೆ ತೆಗೆಯಿರಿ. ಮುಂದೆ ಯಾರಾದರೂ ಓದಿ "ಇಷ್ಟೇನಾ?" ಎಂದರೆ, ಎಷ್ಟು ಹೊತ್ತಿನಲ್ಲಿ ಎಂದು ಅವರನ್ನೇ ಕೇಳಿ.