ಮರದ ರೆಕ್ಕೆಗೆ ಮಲೆನಾಡಿನ ಒರೆಗಲ್ಲು

ಸ್ವಂತ ಕೈಯಿಂದ ಪುಟ್ಟ ವಿಮಾನ ಕಟ್ಟುವ ಹವ್ಯಾಸಿಗಳು ಮರಗೆಲಸಕ್ಕೆ ಆಧಾರವಾಗಿ ಇಟ್ಟುಕೊಳ್ಳುವ ಕೈಪಿಡಿಗಳಲ್ಲಿ 43.13-1ಬಿ ಮುಖ್ಯವಾದುದು. ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ 1998ರಲ್ಲಿ ಹೊರತಂದ ಈ ಕೈಪಿಡಿಯ ಮೊದಲ ಅಧ್ಯಾಯವೇ ಮರದ ರಚನೆಗಳನ್ನು ಕುರಿತದ್ದು. ಉಚಿತವಾಗಿ ದೊರೆಯುವುದರಿಂದ ನಿಮ್ಮ ವಿದ್ಯಾರ್ಥಿಗಳ ಕೈಗೂ ಬರಬಹುದು. ಸಕಲೇಶಪುರ, ಆಲೂರಿನ ಗುಡ್ಡಗಳ ನಡುವೆ ಕುಳಿತು ಓದಿದರೆ ಅದರ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ?

ಮೊದಲು ಗುಣಗಳನ್ನು ನೋಡೋಣ. ಮರಕ್ಕೆ ಎಳೆಯ ನೇರಕ್ಕೆ ಇರುವ ಬಲ ಅಡ್ಡಕ್ಕೆ ಇರುವುದಿಲ್ಲ. ಆದ್ದರಿಂದ ಸ್ಪ್ರೂಸ್ ಮರದಲ್ಲಿ ಎಳೆಯ ಓರೆ 15ಕ್ಕೆ 1ನ್ನು ಮೀರಬಾರದೆಂದು ಕೈಪಿಡಿ ಖಚಿತವಾಗಿ ಹೇಳುತ್ತದೆ. ಹಾಲಿನಿಂದ ತಯಾರಿಸುವ ಕೇಸಿನ್ ಅಂಟನ್ನೂ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟನ್ನೂ ಬದಿಗಿಟ್ಟು, ರಿಸಾರ್ಸಿನಾಲ್ ಅಂಟನ್ನು ಮುಂದಿಡುತ್ತದೆ. ಬಿಸಿ ಮತ್ತು ತೇವ ಎರಡೂ ಸೇರಿದಲ್ಲಿ ಯೂರಿಯಾ ಅಂಟು ಬೇಗ ಕೆಡುತ್ತದೆಂಬ ಎಚ್ಚರಿಕೆ ನಮಗಂತೂ ಅಮೂಲ್ಯ.

ಇನ್ನು ಕೊರತೆಗಳು. ಅದರ ಮರಗಳ ಪಟ್ಟಿಯಲ್ಲಿ ಸ್ಪ್ರೂಸ್, ಡಗ್ಲಾಸ್ ಫರ್, ಹೆಮ್ಲಾಕ್ ಇವೆ. ಕಾಫಿ ತೋಟಗಳ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಇಲ್ಲ. ಸ್ಪ್ರೂಸ್‌ನಲ್ಲಿ ಅಂಗುಲಕ್ಕೆ ಕನಿಷ್ಠ 6 ವಾರ್ಷಿಕ ಉಂಗುರಗಳಿರಬೇಕೆಂಬುದು ಅದರ ಅಳತೆಗೋಲು. ಆದರೆ ಕಟು ಚಳಿಗಾಲವಿಲ್ಲದ ನಾಡಿನ ಅನೇಕ ಮರಗಳಲ್ಲಿ ಉಂಗುರಗಳೇ ಅಸ್ಪಷ್ಟ. ಎಣಿಸಲಾಗದ್ದನ್ನು ಎಣಿಸಿ ಎಂದರೆ ಬಡಗಿ ಏನು ಮಾಡಬೇಕು? 'ನಮ್ಮೂರ ಮರವೂ ಗಟ್ಟಿಯೇ' ಎಂಬ ಅಭಿಮಾನ ಇಲ್ಲಿ ಉತ್ತರವಾಗದು. ತುಂಡುಗಳನ್ನು ಬಾಗಿಸಿ, ಮುರಿದು ಪರೀಕ್ಷಿಸಿ ಪಡೆದ ಅಂಕಿಗಳೇ ಉತ್ತರ.

ಎರಡನೆಯದು ತೇವಾಂಶ. ವಿಮಾನದ ಮರವನ್ನು ಸಾಮಾನ್ಯವಾಗಿ ಶೇ. 8ರಿಂದ 12ರ ತೇವಾಂಶದಲ್ಲಿ ಅಂಟಿಸುತ್ತಾರೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65 ಇದ್ದರೆ ಮರ ಸುಮಾರು ಶೇ. 12ಕ್ಕೆ ಬಂದು ನಿಲ್ಲುತ್ತದೆ, ಶೇ. 90 ಇದ್ದರೆ ಸುಮಾರು 20ಕ್ಕೆ ಏರುತ್ತದೆ. ಮುಂಗಾರಿನ ಸಕಲೇಶಪುರ ಎರಡನೆಯ ಸ್ಥಿತಿಗೇ ಹತ್ತಿರ. ಹಸಿ ಸ್ಪ್ರೂಸ್ ಪೂರ್ತಿ ಒಣಗುವಾಗ ಉಂಗುರದ ಗುಂಟ ಸುಮಾರು ಶೇ. 7.5 ಕುಗ್ಗುತ್ತದೆ; ಈ ಕುಗ್ಗುವಿಕೆ ತೇವಾಂಶ ಸುಮಾರು ಶೇ. 28ಕ್ಕೆ ಇಳಿದ ಮೇಲಷ್ಟೇ ಆರಂಭ. ಆ ಲೆಕ್ಕದಲ್ಲಿ 12ರಿಂದ 20ಕ್ಕೆ ಏರಿದಾಗ 100 ಮಿ.ಮೀ. ಅಗಲದ ಹಲಗೆ ಸುಮಾರು 2 ಮಿ.ಮೀ. ಹಿಗ್ಗುತ್ತದೆ. ಉದ್ದಕ್ಕೆ ಅದು ಬಹುತೇಕ ಹಿಗ್ಗದು. ಎಳೆಗಳು ಅಡ್ಡಡ್ಡ ಇರುವಂತೆ ಎರಡು ತುಂಡುಗಳನ್ನು ಅಂಟಿಸಿದ್ದರೆ ಈ ವ್ಯತ್ಯಾಸದ ಹೊರೆಯೆಲ್ಲ ಅಂಟಿನ ಮೇಲೆ ಬೀಳುತ್ತದೆ.

ಇದು ಬರಿಯ ಊಹೆಯಲ್ಲ. 1944ರಲ್ಲಿ ಭಾರತದಲ್ಲಿದ್ದ ಮೊಸ್ಕಿಟೊ ಎಂಬ ಮರದ ಯುದ್ಧವಿಮಾನಗಳು ರೆಕ್ಕೆ ಕಳಚಿ ಬಿದ್ದಾಗ, ನವೆಂಬರಿನಲ್ಲಿ ಅವುಗಳ ಹಾರಾಟವನ್ನೇ ತಡೆಹಿಡಿಯಲಾಯಿತು. ಕಾರ್ಖಾನೆಯ ಜೋಡಣೆಯ ದೋಷವೋ ನಮ್ಮ ಹವೆಯ ಪರಿಣಾಮವೋ ಎಂಬ ಬಗ್ಗೆ ತನಿಖೆಗಾರರಲ್ಲೇ ಒಮ್ಮತವಿರಲಿಲ್ಲ. ಬಿಟ್ಟುಕೊಂಡದ್ದು ಮಾತ್ರ ಅಂಟಿನ ಬೆಸುಗೆ.

ಮೂರನೆಯ ಮಾತು ಎಲ್ಲಕ್ಕಿಂತ ಮುಖ್ಯ. ಇದು ದುರಸ್ತಿಯ ಕೈಪಿಡಿ, ವಿನ್ಯಾಸದ್ದಲ್ಲ. ರೆಕ್ಕೆಯ ಮುಖ್ಯ ತೊಲೆಯ ದಪ್ಪವನ್ನು ಬೇರೊಬ್ಬರು ಲೆಕ್ಕ ಹಾಕಿ ಆಗಿದೆ ಎಂದೇ ಅದು ನಂಬಿ ನಡೆಯುತ್ತದೆ. ಹೊಸದಾಗಿ ಕಟ್ಟುವವರಿಗೆ ಆ ಲೆಕ್ಕವೇ ಮೊದಲ ಹೆಜ್ಜೆ. ಚೊಕ್ಕ ಮರಗೆಲಸ ತಪ್ಪು ಲೆಕ್ಕವನ್ನು ಮುಚ್ಚಲಾರದು.

ಹಾಗೆಂದು ಈ ಕೈಪಿಡಿಯನ್ನು ತಳ್ಳಿಹಾಕಬೇಕಿಲ್ಲ, ಪ್ರಶ್ನಿಸುತ್ತ ಓದಬೇಕು. ನಿಮ್ಮ ಶಾಲೆಯಲ್ಲೇ ಒಂದು ಪ್ರಯೋಗ ಆರಂಭಿಸಿ. ಸಿಲ್ವರ್ ಓಕ್‌ನ ಒಂದು ತುಂಡನ್ನು 103 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಅದು 50 ಗ್ರಾಂ ಆಗಿ, ನೆರಳಿನಲ್ಲಿಟ್ಟ ಮೇಲೆ 56 ಗ್ರಾಂ ತೂಗಿದರೆ ತೇವಾಂಶ ಶೇ. 12, 60 ತೂಗಿದರೆ ಶೇ. 20. ಪ್ರತಿ ತಿಂಗಳೂ ತೂಕವನ್ನೂ ಅಗಲವನ್ನೂ ಬರೆದಿಡಿ. ವರ್ಷ ಕಳೆಯುವಷ್ಟರಲ್ಲಿ ಆ ಕೈಪಿಡಿಯಲ್ಲಿಲ್ಲದ ಒಂದು ಪುಟ, ನಿಮ್ಮೂರಿನ ಪುಟ, ನಿಮ್ಮ ಬಳಿ ಇರುತ್ತದೆ. ಅಂಥ ಪುಟಗಳು ಸಾಕಷ್ಟು ಸೇರುವವರೆಗೆ ನಮ್ಮ ಮರದ ರೆಕ್ಕೆ ಪ್ರಯೋಗಾಲಯದ ಮೇಜಿನ ಮೇಲೇ ಇರಲಿ. ಅದನ್ನು ನಂಬಿ ಯಾರೂ ನೆಲ ಬಿಡುವುದು ಬೇಡ.